ಮುನಿವೆಂಕಟನ ಕಲ್ಲಿನಲ್ಲಿ ತಾಯಿಯ ಹೆಸರು

ಇದು ನಡೆದದ್ದು ೧೯೪೬ರಲ್ಲಿ. ವರ್ಷದ ಬಗ್ಗೆ ನನಗೆ ಅನುಮಾನವಿಲ್ಲ, ಉಳಿದ ಕೆಲವು ವಿವರಗಳ ಬಗ್ಗೆ ಇದೆ. ನನ್ನ ದಿನಚರಿಯಲ್ಲಿ ಏಪ್ರಿಲ್ ಎಂದು ಬರೆದುಕೊಂಡಿದ್ದೇನೆ. ನೆನಪಿನಲ್ಲಿ ಮಾತ್ರ ದಾರಿಯುದ್ದಕ್ಕೂ ಮಾವಿನ ಹಣ್ಣಿನ ವಾಸನೆಯಿದೆ. ಶ್ರೀನಿವಾಸಪುರದ ಕಡೆ ಏಪ್ರಿಲ್‌ನಲ್ಲಿ ಮಾವು ಹಣ್ಣಾಗುವುದಿಲ್ಲ. ಎರಡರಲ್ಲಿ ಒಂದು ತಪ್ಪಾಗಿರಬೇಕು. ಮನೆಯವರ ಹೆಸರುಗಳನ್ನು ಬೇಕೆಂದೇ ಬದಲಿಸಿದ್ದೇನೆ.

ನಾನು ಮಾಲೂರಿನ ಕಡೆಯವಳು. ಇತಿಹಾಸದಲ್ಲಿ ಬಿ.ಎ. ಮುಗಿಸಿ, ೧೯೪೫ರಲ್ಲಿ ಮದುವೆಯಾಗಿ ಕೋಲಾರಕ್ಕೆ ಬಂದಿದ್ದೆ. ನನ್ನ ತವರಿನಲ್ಲಿ ಕನ್ನಡ ಬಿಟ್ಟರೆ ಬೇರೆ ಮಾತಿಲ್ಲ. ಗಂಡನ ಮನೆಯವರ ಮೂಲ ಗೌನಿಪಲ್ಲಿಯ ಹತ್ತಿರದ ಒಂದು ಹಳ್ಳಿ. ಅವರವರೇ ಇದ್ದಾಗ ತೆಲುಗು, ನಾನು ಒಳಗೆ ಬಂದೊಡನೆ ಕನ್ನಡ. ನನ್ನ ಗಂಡ ಕೃಷ್ಣಪ್ಪ ಶಾಲಾ ಮೇಷ್ಟರು. ಅವರ ಚಿಕ್ಕಪ್ಪ ಮುನಿವೆಂಕಟಪ್ಪ ಬರ್ಮಾದ ಯುದ್ಧದಲ್ಲಿ ತೀರಿಕೊಂಡಿದ್ದರು. ನಾನು ಅವರನ್ನು ನೋಡಿಯೇ ಇಲ್ಲ, ಗೋಡೆಯ ಮೇಲಿನ ಫೋಟೋ ಮಾತ್ರ ಗೊತ್ತು. ಆದರೂ ಅವರ ನಗು ಕೇಳಿದ್ದೇನೆ ಎಂದು ಈಗೀಗ ಅನಿಸುತ್ತದೆ. ನೆನಪನ್ನು ನಾನು ನಂಬದಿರುವುದು ಇಂಥದಕ್ಕೇ.

ಚಿಕ್ಕಪ್ಪನಾದರೂ ಅವರು ನನ್ನ ಗಂಡನಿಗಿಂತ ಎರಡು ಮೂರು ವರ್ಷ ಚಿಕ್ಕವರು.

"ಚಿಕ್ಕಪ್ಪ ಅನ್ನು ಅಂತ ನಮ್ಮಪ್ಪ ಕಿವಿ ಹಿಂಡ್ತಿದ್ರು" ಎಂದು ನನ್ನ ಗಂಡ ಹೇಳುತ್ತಿದ್ದರು. "ನಾನು 'ಏನ್ಲಾ ಚಿಕ್ಕಪ್ಪಾ' ಅಂತಿದ್ದೆ. ಅವನು 'ಏನಪ್ಪಾ ಮಗನೇ' ಅಂತ ಬೆನ್ನಿಗೊಂದು ಗುದ್ದೋನು."

ಆ ವರ್ಷ ಊರಿನವರು ಮುನಿವೆಂಕಟಪ್ಪನ ಹೆಸರಿನಲ್ಲಿ ಶಾಲೆಯ ಮುಂದೆ ಒಂದು ಕಲ್ಲು ನಿಲ್ಲಿಸಬೇಕೆಂದು ತೀರ್ಮಾನಿಸಿದರು. ಅಣ್ಣನಾದ ನಮ್ಮ ಮಾವನವರು ಕೆಲಸವನ್ನು ನನಗೆ ವಹಿಸಿದರು.

"ನೀನು ಓದಿದೋಳು. ಕಲ್ಲಿನ ಮೇಲೆ ಏನು ಬರಬೇಕು ಬರಿ. ಅವನು ಹುಟ್ಟಿದ್ದು, ಬೆಳೆದದ್ದು, ನಮ್ಮ ಮನೆತನ ಎಲ್ಲ ಒಂದು ಹಾಳೇಲಿ ಬರಿ. ಅವತ್ತು ಸಭೇಲಿ ಓದ್ತಾರೆ" ಎಂದರು. ತಂದೆ ನರಸಿಂಹಪ್ಪ, ತಾಯಿ ಲಕ್ಷ್ಮಮ್ಮ ಎಂದು ಹೆಸರನ್ನೂ ಅವರೇ ಹೇಳಿದರು.

ನಾನು ಮಾಲೂರಿಗೆ ಹೋದಾಗ ನನ್ನ ತಮ್ಮನ ಜೊತೆ ಶಿವಾರಪಟ್ಟಣಕ್ಕೆ ಹೋಗಿ ಒಬ್ಬ ಶಿಲ್ಪಿಯನ್ನು ಕಂಡೆ. ವಯಸ್ಸಾದವರು. ಅರ್ಧ ಕಡೆದ ಗಣಪತಿಯ ಪಕ್ಕದಲ್ಲಿ ಕೂತು ಉಳಿ ಚೂಪು ಮಾಡುತ್ತಿದ್ದರು.

"ಅಕ್ಷರ ನೀವೇ ಬರೆದುಕೊಡಿ ತಾಯಿ. ಚೆನ್ನಾಗಿ ವಿಚಾರಿಸಿಕೊಂಡು ಬರೀರಿ" ಎಂದರು. "ಮೂಗು ತಪ್ಪಾದ್ರೆ ಒಂಚೂರು ಸವರಿ ಸರಿಮಾಡ್ತೀನಿ. ಹೆಸರು ತಪ್ಪಾದ್ರೆ ಕಲ್ಲನ್ನೇ ಮಗುಚಬೇಕು."

ಆ ಮಾತು ನನ್ನ ತಲೆಯಲ್ಲಿ ಕೂತಿತು. ಯಾರೋ ಹೇಳಿದ್ದನ್ನು ಬರೆಯುವುದಕ್ಕಿಂತ ನಾನೇ ನೋಡಿ ಬರೆಯಬೇಕು ಎಂದುಕೊಂಡೆ. ಮೊದಲು ನೋಡಿದ್ದು ಅವರು ನನ್ನ ಗಂಡನಿಗೆ ಬರೆದಿದ್ದ ಕೊನೆಯ ಕಾಗದ. ಊರಿನ ಶಾಲೆಯಲ್ಲಿ ಕಲಿತ ಕನ್ನಡ, ದುಂಡನೆಯ ಅಕ್ಷರ. ಅದರಲ್ಲಿ ಹೀಗಿತ್ತು: "ಅವ್ವ ಹೋದ ಸುದ್ದಿ ನಿನ್ನ ಕಾಗದದಿಂದ ತಿಳಿಯಿತು. ನನಗೆ ರಜೆ ಇಲ್ಲ. ಅಮ್ಮ ಒಬ್ಬಳೇ ಆದಳು. ಊಟ ಬಿಟ್ಟು ಕೂರಬೇಡ ಅಂತ ಹೇಳು."

ನಾನು ಎರಡು ಸಲ ಓದಿದೆ. ನಮ್ಮ ಕಡೆ ಅವ್ವ ಎಂದರೂ ತಾಯಿ, ಅಮ್ಮ ಎಂದರೂ ತಾಯಿ. ತಾಯಿ ತೀರಿಹೋದಳು, ತಾಯಿ ಒಬ್ಬಳೇ ಆದಳು ಎಂದರೆ ಏನರ್ಥ? ಅಡುಗೆಮನೆಗೆ ಹೋಗಿ ಅತ್ತೆಯವರನ್ನು ಕೇಳಿದೆ.

"ಅಮ್ಮ ಅಂದ್ರೆ ನಿಮ್ಮನ್ನೇನಾ ಅತ್ತೆ?"

"ನನ್ನನ್ನ ವದಿನಾ ಅಂತಿದ್ದ. ಅತ್ತಿಗೆ ಅಂತ. ಒಂದಿನಾನೂ ಅಮ್ಮ ಅಂದಿಲ್ಲ."

"ಹಾಗಾದ್ರೆ ಯಾರು?"

"ಊರಮ್ಮ ಇರಬೇಕು. ಗಂಗಮ್ಮ."

"ಗಂಗಮ್ಮ ಊಟ ಬಿಟ್ಟು ಕೂರ್ತಾಳಾ ಅತ್ತೆ?"

ಅವರು ನನ್ನನ್ನು ನೋಡದೆ ಒಲೆ ಊದಿದರು. "ಓದಿದೋರಿಗೆ ಎಲ್ಲದಕ್ಕೂ ಒಂದು ಪ್ರಶ್ನೆ. ಹೋಗು, ಮಾವನಿಗೆ ಕಾಫಿ ಕೊಡು, ಆರಿಹೋಗ್ತದೆ."

ನಾಲ್ಕೈದು ದಿನದ ಮೇಲೆ ಊರಿಗೆ ಹೊರಟೆ. ಶಾಲೆಯ ದಾಖಲೆ ನೋಡುವುದು, ಊರಿನ ಮನೆಯಲ್ಲಿದ್ದ ಪಾಪಮ್ಮತ್ತೆಯನ್ನು ಮಾತಾಡಿಸುವುದು ನನ್ನ ಉದ್ದೇಶ. ಪಾಪಮ್ಮತ್ತೆ ನಮ್ಮ ಮಾವನವರ ತಂಗಿ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದು, ಮುನಿವೆಂಕಟಪ್ಪನನ್ನು ಎತ್ತಿ ಆಡಿಸಿದವರು.

ಇದ್ದಿಲಿನ ಹೊಗೆಯಿಂದ ಓಡುವ ಬಸ್ಸು. ಶ್ರೀನಿವಾಸಪುರ ದಾಟಿದ ಮೇಲೆ ಒಬ್ಬ ಹೆಂಗಸು, ಒಬ್ಬ ಮುದುಕಿ, ಮೂರು ವರ್ಷದ ಒಂದು ಹೆಣ್ಣುಮಗು ಹತ್ತಿದರು. ಜಾಗ ಇರಲಿಲ್ಲ. ಹೆಂಗಸು ಮಗುವನ್ನು ಮುದುಕಿಯ ಕಡೆ ದೂಡಿ, "ಅವ್ವ ದಗ್ಗರ ಕೂರ್ಚೋ" ಎಂದಳು. ಅವ್ವನ ಹತ್ತಿರ ಕೂತುಕೋ ಎಂಬಷ್ಟು ನನಗೆ ತಿಳಿಯಿತು.

ಮಾತಿಗೆ ಮಾತು ಸೇರಿಸಲು ನಾನು, "ಅವರು ನಿಮ್ಮ ತಾಯೀನಾ?" ಎಂದು ಕೇಳಿದೆ.

ಆಕೆ ನಕ್ಕುಬಿಟ್ಟಳು. "ಅಯ್ಯೋ, ನಮ್ಮತ್ತೆ ಕಣಮ್ಮ. ನಾನ್ಯಾಕೆ ಅವ್ವ ಅನ್ಲಿ? ಮಗೀಗೆ ಅವ್ವ. ನಿಮ್ಮ ಕಡೆ ಅಜ್ಜಿ ಅಂತೀರಲ್ಲ, ಅದೇ. ಮೀಕು ತೆಲುಗು ರಾದಾ?"

ತೆಲುಗು ಬರುವುದಿಲ್ಲ ಎಂದು ತಲೆಯಾಡಿಸಿದೆ. ಆಮೇಲೆ ಬಸ್ಸು ಎಲ್ಲೆಲ್ಲಿ ನಿಂತಿತೋ ನನಗೆ ನೆನಪಿಲ್ಲ.

ಲಕ್ಷ್ಮಮ್ಮನವರನ್ನು ನನ್ನ ಗಂಡ ಅವ್ವ ಎನ್ನುತ್ತಿದ್ದುದು ಸರಿ, ಅವರು ಮೊಮ್ಮಗ. ಮಾವನವರು ಅದೇ ಹೆಂಗಸನ್ನು ಅಮ್ಮ ಎಂದೇ ನೆನೆಯುತ್ತಿದ್ದರು. ಮುನಿವೆಂಕಟಪ್ಪ ಅವರ ಮಗನಾಗಿದ್ದರೆ ಅವ್ವ ಎಂದು ಏಕೆ ಬರೆದರು? ಮನೆಯ ಮಕ್ಕಳೆಲ್ಲ ಕರೆದ ಹಾಗೆ ಅವರೂ ಕರೆದಿರಬಹುದು. ಹಾಗೆಂದು ನನಗೆ ನಾನೇ ಹೇಳಿಕೊಂಡೆ. ಹಾಗಾದರೆ ಒಬ್ಬಳೇ ಆದ ಅಮ್ಮ ಯಾರು? ಅವ್ವನ ಜೊತೆಗೆ ಆ ಮನೆಯಲ್ಲಿದ್ದವರು ಪಾಪಮ್ಮತ್ತೆ ಒಬ್ಬರೇ.

ಶಾಲೆಯ ದಾಖಲೆಯಲ್ಲಿ ಅವರು ಹುಟ್ಟಿದ ವರ್ಷ ೧೯೨೧ ಎಂದಿತ್ತು. ನರಸಿಂಹಪ್ಪನವರು ಹೋದದ್ದು ಅದಕ್ಕೆ ಮೂರು ವರ್ಷ ಮೊದಲು, ಮೊದಲನೆಯ ಮಹಾಯುದ್ಧ ಮುಗಿದ ವರ್ಷದ ಜ್ವರದಲ್ಲಿ. ಪಾಪಮ್ಮತ್ತೆಯ ಗಂಡನೂ ಅದೇ ಜ್ವರದಲ್ಲಿ ಹೋದವರು. ನಮ್ಮ ಕಡೆ ಮೇಷ್ಟರು ಹುಡುಗನ ಎತ್ತರ ನೋಡಿ ಹುಟ್ಟಿದ ವರ್ಷ ಬರೆಯುವುದುಂಟು. ಒಂದು ಅಂಕಿಯನ್ನು ನಂಬಿ ಒಬ್ಬ ಹೆಂಗಸಿನ ಬಾಳನ್ನು ಅಳೆಯಬಹುದೆ?

ಪಾಪಮ್ಮತ್ತೆ ಅಂಗಳದಲ್ಲಿ ಹುಣಿಸೆಹಣ್ಣಿನ ಬೀಜ ತೆಗೆಯುತ್ತಿದ್ದರು. ನಾನೂ ಕೂತು ಕೈಹಾಕಿದೆ.

"ಮೆತ್ತನೆ ಕೈ. ಪುಸ್ತಕ ಹಿಡಿದದ್ದು. ನೀನು ಬೀಜ ತೆಗೆಯೋದ್ರೊಳಗೆ ಮುಂದಿನ ಫಸಲು ಬರ್ತದೆ" ಎಂದು ನಕ್ಕರು.

"ಮುನಿವೆಂಕಟಪ್ಪನವರ ವಿಷಯ ಬರೀಬೇಕು, ಹೇಳಿ ಅತ್ತೆ" ಎಂದೆ.

ಅವರು ತಡವರಿಸದೆ ಹೇಳುತ್ತಾ ಹೋದರು. ಈಜು ಕಲಿತದ್ದು, ಮಾವಿನ ಮರದಿಂದ ಬಿದ್ದು ಹುಬ್ಬು ಹರಿದದ್ದು, ಸೈನ್ಯಕ್ಕೆ ಸೇರಿ ಹೊರಟ ದಿನ ಹಿಂತಿರುಗಿ ನೋಡದೆ ಹೋದದ್ದು. ಪ್ರತಿ ಮಾತಿನಲ್ಲೂ "ನಮ್ಮ ತಮ್ಮ" ಎಂದೇ. ಹುಟ್ಟಿದ ದಿನದ ಮಾತು ಬಂದಾಗ ದನಿ ತಗ್ಗಿತು.

"ಜೋರು ಮಳೆ. ಸೂಲಗಿತ್ತಿ ಬರೋದು ತಡ ಆಯ್ತು. ತೊಲೆಗೆ ಗೆದ್ದಲು ಹತ್ತಿತ್ತು. ಅದನ್ನೇ ನೋಡ್ತಾ ಮಲಗಿದ್ದೆ."

ಮಲಗಿದ್ದೆ ಎಂದರೋ, ಮಲಗಿದ್ಲು ಎಂದರೋ? ದಿನಚರಿಯಲ್ಲಿ "ಮಲಗಿದ್ದೆ" ಎಂದು ನನ್ನ ಕೈಯಲ್ಲೇ ಬರೆದಿದೆ. ಆದರೆ ಅದನ್ನು ಬರೆದದ್ದು ಸಂಜೆ, ಬಸ್ಸಿನಲ್ಲಿ ತಲೆಗೆ ಹೊಕ್ಕ ಯೋಚನೆಯನ್ನು ಇಡೀ ದಿನ ಹೊತ್ತು ತಿರುಗಿದ ಮೇಲೆ. ನಾನು ಕೇಳಿದ್ದನ್ನು ಬರೆದೆನೋ, ಕೇಳಬೇಕೆಂದಿದ್ದುದನ್ನು ಬರೆದೆನೋ ಇಂದಿಗೂ ಹೇಳಲಾರೆ. ಕೇಳಿದ ಕ್ಷಣದಲ್ಲಿ "ಏನಂದ್ರಿ ಅತ್ತೆ?" ಎನ್ನುವ ಧೈರ್ಯ ಬರಲಿಲ್ಲ. ಅವರು ಬೀಜಗಳನ್ನು ಒಂದೆಡೆ ಗುಡಿಸಿ ಒಳಗೆ ಹೋದರು.

ಕೋಲಾರಕ್ಕೆ ಬಂದು ಕಾಗದ ಮುಂದಿಟ್ಟುಕೊಂಡು ಕೂತೆ. ಹೆಸರು, ಊರು ಬರೆದೆ. ತಂದೆ ನರಸಿಂಹಪ್ಪ ಎಂದೂ ಬರೆದೆ. ಅದನ್ನು ಪ್ರಶ್ನಿಸುವ ಶಕ್ತಿ ನನಗಿರಲಿಲ್ಲ, ಅವರನ್ನು ಸಾಕಿದ ಮನೆಯ ಹೆಸರು ಅದು. ತಾಯಿ ಎಂಬಲ್ಲಿ ಲೇಖನಿ ನಿಂತಿತು. ಲಕ್ಷ್ಮಮ್ಮ ಎಂದು ಬರೆದರೆ ಯಾರಿಗೂ ತೊಂದರೆಯಿಲ್ಲ. ಆದರೆ ಆ ಕಾಗದದ "ಅಮ್ಮ" ನಿಜವಾಗಿ ಪಾಪಮ್ಮತ್ತೆಯಾಗಿದ್ದರೆ, ಅವರ ಮಗನನ್ನು ಅವರಿಂದ ಕೊನೆಯ ಸಲ ಕಿತ್ತುಕೊಳ್ಳುವವಳು ನಾನೇ. ಪಾಪಮ್ಮ ಎಂದು ಬರೆದರೆ, ಅಷ್ಟು ವರ್ಷ ಅವರು ಮುಚ್ಚಿಟ್ಟುಕೊಂಡದ್ದನ್ನು ಊರ ಮುಂದೆ ಕೆತ್ತಿಸಿದ ಹಾಗೆ. ನನ್ನ ಊಹೆ ತಪ್ಪಾಗಿದ್ದರಂತೂ ಕೇಳುವುದೇ ಬೇಡ.

ಮಾವನವರಿಗೆ ಒಂದು ಸುಳ್ಳು ಹೇಳಿದೆ. "ಊರಲ್ಲಿ ಕೆಲವರು ಲಕ್ಷ್ಮಮ್ಮ ಅಂತಾರೆ, ಕೆಲವರು ಲಕ್ಷ್ಮೀದೇವಮ್ಮ ಅಂತಾರೆ. ಗೊತ್ತಾಗೋವರೆಗೂ ಆ ಸಾಲು ಖಾಲಿ ಬಿಡಿಸ್ತೀನಿ ಮಾವ."

ತಮ್ಮ ತಾಯಿಯ ಹೆಸರು ಅವರಿಗೆ ಗೊತ್ತಿರಲಿಲ್ಲವೆ? ಸೊಸೆಗೆ ಗದರುತ್ತಾರೆ ಎಂದುಕೊಂಡೆ. ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಬಹಳ ಹೊತ್ತು ಒರೆಸಿದರು. "ನಿನಗೆ ಗೊತ್ತಾದಾಗ ಕೆತ್ತಿಸಮ್ಮ" ಎಂದರು. ಅಷ್ಟೇ. ಅದಕ್ಕಿಂತ ಮೊದಲು ಅವರು ನನ್ನನ್ನು ಅಮ್ಮ ಎಂದು ಕರೆದ ನೆನಪಿಲ್ಲ.

ಶಿಲ್ಪಿ ಆ ಸಾಲನ್ನು ನುಣ್ಣಗೆ ಮಾಡಿ ಬಿಟ್ಟರು. ಕಲ್ಲು ನಿಂತ ದಿನ ಸಭೆ ನಡೆಯಿತು, ನನ್ನ ಹಾಳೆಯನ್ನು ಓದಿದರು. ಪಾಪಮ್ಮತ್ತೆ ಮಂಡಿ ನೋವೆಂದು ಬರಲಿಲ್ಲ. ಮರುದಿನ ಬೆಳಿಗ್ಗೆ ಶಾಲೆ ತೆರೆಯುವ ಮೊದಲೇ, "ಬಾ, ನೋಡಿಕೊಂಡು ಬರೋಣ" ಎಂದು ನನ್ನನ್ನು ಕರೆದರು.

ಅವತ್ತು ನಾನು ಕೇಳಿದ ಮಾತಿಗೆ ಅವರು ಉತ್ತರ ಕೊಡಲಿಲ್ಲ. ಆಮೇಲೆ ಎಷ್ಟೋ ಸಲ ಅವರ ಜೊತೆ ಕೂತು ಹುಣಿಸೆಹಣ್ಣು ಬಿಡಿಸಿದ್ದೇನೆ, ಮತ್ತೆ ಕೇಳಲಿಲ್ಲ. ಈಗ ಅವರೂ ಇಲ್ಲ. ಕೇಳುವ ಹಕ್ಕು ನನಗಿತ್ತೇ ಎಂದು ಯೋಚಿಸಿದಾಗಲೆಲ್ಲ ನಾಚಿಕೆಯಾಗುತ್ತದೆ. ಕೇಳದೇ ಇದ್ದಿದ್ದರೆ ಇನ್ನೂ ಹೆಚ್ಚು ನಾಚಿಕೆಯಾಗುತ್ತಿತ್ತು ಎಂದೂ ಅನಿಸುತ್ತದೆ. ಕಲ್ಲು ಅಲ್ಲೇ ಇದೆ, ಆ ಸಾಲು ಖಾಲಿಯಾಗಿಯೇ ಇದೆ.

ಪಾಪಮ್ಮತ್ತೆಗೆ ಓದು ಬರುತ್ತಿರಲಿಲ್ಲ. ಆ ಬೆಳಿಗ್ಗೆ ಕಲ್ಲಿನ ಮುಂದೆ ಕೂತು ಮೊದಲನೆಯ ಸಾಲಿನ ಮೇಲೆ ಬೆರಳಿಟ್ಟರು.

"ಇದೇನೈತೆ?"

"ಅವರ ಹೆಸರು. ಮುನಿವೆಂಕಟಪ್ಪ."

ಒಂದೊಂದು ಅಕ್ಷರದ ಗುಂಡಿಯಲ್ಲೂ ಬೆರಳಾಡಿಸಿದರು. "ಇದು?"

"ನಮ್ಮೂರಿನ ಹೆಸರು."

"ಇದು?"

"ತಂದೆ ನರಸಿಂಹಪ್ಪ ಅಂತ."

ಬೆರಳು ಕೆಳಗಿಳಿಯಿತು. ಅತ್ತಿಂದಿತ್ತ ಸವರಿತು. "ಇಲ್ಲೇನೂ ಸಿಗ್ತಿಲ್ವಲ್ಲ. ಬರೀ ನುಣುಪು."

"ತಾಯಿ ಹೆಸರಿಗೆ ಬಿಟ್ಟ ಜಾಗ."

ಅವರ ಕೈ ಅಲ್ಲೇ ನಿಂತಿತು. ನಾನು ಅವರ ಪಕ್ಕದಲ್ಲಿ ಕೂತು, ಅವರ ಮುಖ ನೋಡದೆ ಕೇಳಿದೆ:

"ಯಾರ ಹೆಸರು ಕೆತ್ತಿಸಲಿ, ಅತ್ತೆ?"