ಹೆಳವ ಬಿಟ್ಟು ಓದಿದ ಗೆರೆ

ಹೊನ್ನವಳ್ಳಿಯ ಗಂಗಾಧರಯ್ಯನ ಮನೆತನಕ್ಕೆ ಅಟ್ಟದ ಮನೆಯವರು ಎಂದು ಹೆಸರು. ಆ ಹೆಸರು ಉಳಿಯಲೆಂದೇ ಅವನು ತೆಂಗಿನ ತೋಟವನ್ನು ತಮ್ಮನ ಮಗ ಉಜ್ವಲ್‌ಗೆ ಬರೆದುಕೊಡಲು ಹೊರಟಿದ್ದ. ಸೋಮವಾರ ರಿಜಿಸ್ಟರ್ ಎಂದು ಮಾತಾಗಿತ್ತು. ಒಬ್ಬಳೇ ಮಗಳು ನಯನ ತಿಪಟೂರಿನಲ್ಲಿ ಹೈಸ್ಕೂಲು ಟೀಚರ್. ಭಾನುವಾರ ಬಂದರೆ ಸ್ಕೂಟರ್ ನಿಲ್ಲಿಸಿದವಳೇ ಬೋರ್‌ವೆಲ್ ಮೋಟರು ನೋಡಲು ತೋಟಕ್ಕೆ ನಡೆಯುವವಳು. ಆದರೂ ಅಪ್ಪನ ಪಾಲಿಗೆ ಅವಳು ಹಾಲ್ಕುರಿಕೆಯವರ ಸೊಸೆ. ಹೆಂಡತಿ ನಿರ್ಮಲಾ ಮೂರು ತಿಂಗಳಿಂದ ಬೇಡವೆನ್ನುತ್ತಿದ್ದಳು. ಅವಳ ಮಾತು ಅವನಿಗೆ ಫ್ಯಾನಿನ ಸದ್ದಾಗಿತ್ತು.

ಶುಕ್ರವಾರ ಹೆಳವ ಭೀಮರಾಜು ಬಂದ. ಮನೆಮನೆಯ ವಂಶಾವಳಿ ಓದಿ ದವಸ ಪಡೆಯುವುದು ಹೆಳವರ ಕುಲಕಸುಬು. ಇವನ ತಾತ ಎತ್ತಿನ ಮೇಲೆ ಬರುತ್ತಿದ್ದ, ಇವನು ಬೈಕಿನಲ್ಲಿ. ನಿರ್ಮಲಾ ಮೂವತ್ತು ವರ್ಷ ಹೆಳವರಿಗೆ ಅಡುಗೆ ಮಾಡಿ ಬಡಿಸಿದ್ದಳು, ಓದುವುದನ್ನು ಕೇಳಿರಲಿಲ್ಲ. ಓದು ಶುರುವಾಗುವ ಹೊತ್ತಿಗೆ ಅವಳು ಒಲೆಯ ಮುಂದಿರುತ್ತಿದ್ದಳು. ಈ ಸಲ ರಾಗಿ ಅಳೆದು ಸುರಿದವಳು ಜಗಲಿಯಲ್ಲೇ ಕೂತಳು.

"ಅಟ್ಟ ಕಟ್ಟಿದ ಮರುಳಸಿದ್ದಯ್ಯನೋ..." ಭೀಮರಾಜು ರಾಗ ಎಳೆದ.

ಅವರೆಕಾಯಿ ಬಿಡಿಸುತ್ತಿದ್ದ ವಿಮಲಮ್ಮ ನಕ್ಕುಬಿಟ್ಟಳು. ಗಂಗಾಧರಯ್ಯನ ಸೋದರತ್ತೆ, ಎಂಬತ್ತೆಂಟರ ಮುದುಕಿ, ತುರುವೇಕೆರೆಯಿಂದ ಬಂದಿದ್ದಳು. "ನಮ್ಮಜ್ಜ ಅಟ್ಟ ಕಟ್ಟಿದ್ನಾ? ಏಣಿ ಹತ್ತಾಕೂ ಹೆದರೋನು ಕಣಪ್ಪ!"

"ಮತ್ಯಾರದು ಅತ್ತೆ ಅಟ್ಟ?" ನಿರ್ಮಲಾ ಕೇಳಿದಳು.

"ನಮ್ಮಜ್ಜಿ ಶಿವರುದ್ರಮ್ಮನ ಅಪ್ಪಂದು ಕಣೇ. ಗಂಡುಮಕ್ಳಿಲ್ಲ ಅಂತ ಕೆಂಕೆರೆಯಿಂದ ಅಳಿಯನ್ನ ಇಲ್ಲಿಗೇ ತಂದಿಟ್ಕಂಡ. ನಮ್ಮಜ್ಜ ಬಂದಾಗ ಹೆಗಲ ಮೇಲೊಂದು ಕಂಬಳಿ, ಅಷ್ಟೇಯ."

ವಿಮಲಮ್ಮ ಹೇಳುತ್ತ ಹೋದಳು. ಸಿಪ್ಪೆ ಸಮೇತ ತೆಂಗಿನಕಾಯಿ ಹತ್ತಿರ ಹತ್ತಿರ ಒಂದು ವರ್ಷ ಅಟ್ಟದ ಮೇಲಿದ್ದರೇ ನೀರಿಂಗಿ ಕೊಬ್ಬರಿಯಾಗುವುದು. ಶಿವರುದ್ರಮ್ಮನ ಒಲೆ ಅಟ್ಟದ ಕೆಳಗಿತ್ತು. ಮಳೆಗಾಲದಲ್ಲಿ ಅಡುಗೆ ಮುಗಿದರೂ ಕಾಯಿಗೆ ಶೀತ ಹಿಡಿಯದಂತೆ ಅವಳು ಒಲೆ ಆರಿಸದೆ ಹೊಗೆ ಹಾಕುತ್ತಿರಬೇಕಿತ್ತು. ಬಸುರಿಯಾಗಿದ್ದಾಗಲೂ ಏಣಿ ಹತ್ತಿ, ಒಂದೊಂದು ಕಾಯಿಯನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ, ಕೊಳೆತದ್ದನ್ನು ಆರಿಸಿ ಎಸೆಯುತ್ತಿದ್ದಳು. ಹನ್ನೊಂದು ಹೆತ್ತಳು, ಐದು ಉಳಿದವು. ಕೊಬ್ಬರಿ ಗಾಡಿಗೇರಿದ ಮೇಲೆ ಗಂಡ ಮೀಸೆ ತೀಡಿಕೊಂಡು ತಿಪಟೂರಿಗೆ ಹೋಗುತ್ತಿದ್ದ. ಮಂಡಿಯವರು ಅವನನ್ನು ಅಟ್ಟದ ಮನೆ ಸಿದ್ದಯ್ಯ ಎಂದು ಕರೆದರು. ಪೇಟೆಗೆ ಹೋದವನಿಗೆ ಹೆಸರು ಅಂಟಿತು.

"ಬುಡತ್ತೆ, ನಿಂಗೆ ಅರುಳುಮರುಳು," ಎಂದ ಗಂಗಾಧರಯ್ಯ.

ಭೀಮರಾಜು ವಂಶಾವಳಿ ಪುಸ್ತಕದ ಅಂಚು ಸವರಿದ. "ಹಂಗಲ್ಲ ಯಜಮಾನ್ರೇ, ಬರದೈತೆ. ನಮ್ ತಾತ ಮನೆಅಳಿಯ ಅಂತ ಓದ್ದಾಗ ನಿಮ್ ತಾತ ಬೈದು ಕಳಿಸಿದ್ರಂತೆ. ಆವತ್ತಿಂದ ಆ ಗೆರೆ ಬಿಟ್ಟು ಓದ್ತೀವಿ."

"ಓದಿ," ಎಂದಳು ನಿರ್ಮಲಾ.

ಭೀಮರಾಜು ಗಂಗಾಧರಯ್ಯನ ಮುಖ ನೋಡಿದ.

"ಅವರನ್ನೇನು ನೋಡ್ತೀರ? ರಾಗಿ ಅಳೆದೋಳು ನಾನು."

ಅವನು ಓದಿದ. ರಾಗವಿಲ್ಲದೆ, ನೋಟೀಸು ಓದಿದ ಹಾಗೆ. ಅಟ್ಟ ಕಟ್ಟಿದವನ ಮಗಳು ಶಿವರುದ್ರಮ್ಮ, ಆಕೆಗೆ ಕೆಂಕೆರೆಯ ಮರುಳಸಿದ್ದಯ್ಯ ಮನೆಅಳಿಯ.

"ಊರೋರಿಗೆ ಗೊತ್ತಾದ್ರೆ ಏನಂತಾರೆ," ಎಂದ ಗಂಗಾಧರಯ್ಯ.

"ಊರಿಗೆಲ್ಲ ಗೊತ್ತು ಕಣ್ಲಾ," ಎಂದಳು ವಿಮಲಮ್ಮ. " ಗೊತ್ತಿಲ್ದಿದ್ದೋನು ನೀನೊಬ್ನೇ."

"ಮಗಳಿಂದ ಬಂದಿರೋ ಹೆಸ್ರು ಕಣ್ರೀ," ಎಂದಳು ನಿರ್ಮಲಾ. "ಮಗಳಿಗೆ ಹೋದ್ರೆ ಹೆಂಗೆ ಅಳಿಯುತ್ತೆ?"

ಗಂಗಾಧರಯ್ಯ ಫೋನು ಹಿಡಿದು ಅಂಗಳಕ್ಕಿಳಿದ. "ಉಜ್ವಲ, ಸೋಮವಾರ ಬರಬ್ಯಾಡ ಕಣ್ಲಾ. ಯಾವತ್ತು ಅಂತ ಈಗ ಹೇಳಕಾಗಲ್ಲ ಬುಡು."

ಜಗಲಿಗೆ ಅದು ಕೇಳಿಸಿತು. ಉಜ್ವಲ್‌ಗೆ ಬರಬೇಡವೆಂದಿದ್ದ, ತೋಟ ನಯನಳಿಗೆ ಎಂದಿರಲಿಲ್ಲ. ನಿರ್ಮಲಾ ಭೀಮರಾಜುವಿನ ಕಡೆ ತಿರುಗಿದಳು.

"ಇವರ ಹೆಸರಿನ ಕೆಳಗೆ ನಯನ ಅಂತ ಬರ್ಕೊಳಿ."

"ಹೆಣ್ಮಕ್ಳನ್ನ ಬರೆಯೋ ಪದ್ಧತಿ ಇಲ್ಲ ತಾಯಿ."

"ನಿಮ್ಮೋರು ಶಿವರುದ್ರಮ್ಮನ್ನ ಬರೆದಿದ್ದಾರಲ್ಲ, ಈಗ ತಾನೇ ಓದಿದ್ರಿ."

ಭೀಮರಾಜು ಅಂಗಳದ ಕಡೆ ನೋಡಿದ. ಗಂಗಾಧರಯ್ಯ ಬೆನ್ನು ತಿರುಗಿಸಿ ನಿಂತೇ ಇದ್ದ, ಬೇಡವೆನ್ನಲಿಲ್ಲ. ಭೀಮರಾಜು ಜೇಬಿನಿಂದ ಪೆನ್ನು ತೆಗೆದ.