ಪಾಂಡಾ ಪಾಠದ ಮಿಸ್ಸು

ಹೋದ ತಿಂಗಳು ತಂಗಿಯ ಮಗುವಿಗೆಂದು ಅಮ್ಮ ಕಾಡಿಗೆ ಮಾಡಿದಳು. ಹರಳೆಣ್ಣೆ ದೀಪದ ಮೇಲೆ ತಾಮ್ರದ ತಟ್ಟೆ ಬೋರಲು ಹಾಕಿ, ಕಟ್ಟಿದ ಮಸಿಯನ್ನು ಕೆರೆದು, ಎರಡು ಹನಿ ಎಣ್ಣೆ ಬಿಟ್ಟು ಕಲಸಿದಳು. ಆ ವಾಸನೆ ಮೂಗಿಗೆ ತಾಕಿದ್ದೇ ತಡ, ನಾನು ಮತ್ತೆ ನಾಲ್ಕನೇ ಕ್ಲಾಸಿನ ಸಾಲಿನಲ್ಲಿ ನಿಂತಿದ್ದೆ. ಎದುರಿಗೆ ನಮ್ಮ ಮಿಸ್ಸು, ಅವರ ಅಂಗೈಯಲ್ಲಿ ಕಾಡಿಗೆ ಡಬ್ಬಿ...

ದುದ್ದದ ಹತ್ತಿರದ ನಮ್ಮೂರ ಶಾಲೆಗೆ ಅವರು ಚನ್ನರಾಯಪಟ್ಟಣದಿಂದ ಎರಡು ಬಸ್ಸು ಬದಲಾಯಿಸಿ ಬರುತ್ತಿದ್ದರು. ಬೆಳಿಗ್ಗೆ ಇಳಿದರೆ ನೇರ ಶಾಲೆ, ಸಂಜೆ ಬಿಟ್ಟರೆ ನೇರ ಬಸ್‌ಸ್ಟ್ಯಾಂಡು. ಸೇರಿ ಇನ್ನೂ ಎರಡು ತಿಂಗಳಾಗಿರಲಿಲ್ಲ. ಊರೊಳಗಿನ ಸುದ್ದಿ ಅವರಿಗೆ ಯಾರೂ ಹೇಳುತ್ತಿರಲಿಲ್ಲ.

ಊರೊಳಗೆ ಆಗ ಒಂದೇ ಸುದ್ದಿ. ಹಾಲಿನ ಡೇರಿಯ ಎಲೆಕ್ಷನ್ನಿನಲ್ಲಿ ಅಪ್ಪ ಗೆದ್ದಿದ್ದ. ಸೋತ ಕಡೆಯವರು ಮೂವರು ಅವನನ್ನು ಹಾಡಹಗಲೇ ಬಸ್‌ಸ್ಟ್ಯಾಂಡಿನಲ್ಲಿ ಹಿಡಿದುಕೊಂಡು ಮುಖಕ್ಕೆ ಮಸಿ ಬಳಿದಿದ್ದರು. ಅಪ್ಪ ಬಚ್ಚಲಿಗೆ ಹೋದವನು ಒಂದು ಗಂಟೆ ಹೊರಗೆ ಬರಲಿಲ್ಲ. ಆಮೇಲೆ ಹದಿನೈದು ದಿನ ಹೊಸಿಲನ್ನೇ ದಾಟಲಿಲ್ಲ. ಹಸುಗಳ ಹಾಲು ಕರೆದು ಡೇರಿಗೆ ಒಯ್ಯುವುದು ಅಮ್ಮನ ಪಾಲಾಯಿತು. ಚಿಕ್ಕಪ್ಪ ಮಾತ್ರ ಜಗಲಿಯ ಮೇಲೆ ಕೂತು ಹಲ್ಲು ಕಡಿಯುತ್ತಿದ್ದ. ಮನೆಯಲ್ಲಿ ಲೋಟ ಬಿದ್ದರೂ ಎಲ್ಲರೂ ಬೆಚ್ಚುತ್ತಿದ್ದೆವು.

ಅಂಥ ದಿನಗಳಲ್ಲೇ ಮಿಸ್ಸು ಪೇಪರಿನಿಂದ ಕತ್ತರಿಸಿದ ಒಂದು ಬಣ್ಣದ ಚಿತ್ರ ತಂದು ಬೋರ್ಡಿಗೆ ಅಂಟಿಸಿದರು. ಬಿಳಿ ಮೈ, ಕಪ್ಪು ಕೈಕಾಲು, ಕಣ್ಣಿನ ಸುತ್ತ ಕಪ್ಪು. "ಇದೇನು ಹೇಳಿ ನೋಡೋಣ" ಎಂದರು.

"ಕರಡಿಗೆ ಸುಣ್ಣ ಒಡ್ದವ್ರೆ ಮಿಸ್" ಎಂದಳು ಹಿಂದಿನ ಬೆಂಚಿನ ಹುಡುಗಿಯೊಬ್ಬಳು.

ಮಿಸ್ಸು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಅದು ಪಾಂಡಾ, ಚೀನಾದ ಬೆಟ್ಟದ ಕಾಡಿನಲ್ಲಿರುತ್ತೆ, ದಿನವಿಡೀ ಬಿದಿರು ತಿನ್ನುತ್ತೆ, ಹುಟ್ಟಿದಾಗ ಅದರ ಮರಿ ನಿಮ್ಮ ಪೆನ್ಸಿಲ್ಲಿನಷ್ಟು ಉದ್ದ ಇರುತ್ತೆ ಅಷ್ಟೇ ಎಂದೆಲ್ಲ ಹೇಳಿದರು. ಆಮೇಲೆ ಕಾಡಿಗೆ ಡಬ್ಬಿ ತೆಗೆದು ಮೊದಲು ತಮ್ಮ ಕಣ್ಣಿನ ಸುತ್ತಲೇ ದಪ್ಪಗೆ ಬಳಿದುಕೊಂಡರು. ನಾವೆಲ್ಲ ಸಾಲು ನಿಂತೆವು. ನಾನು ಎರಡು ಸಲ ನಿಂತೆ. "ಇನ್ನೂ ದೊಡ್ಡದು ಮಾಡಿ ಮಿಸ್" ಎಂದು ಕೇಳಿ ಕೆನ್ನೆಯವರೆಗೂ ಬಳಿಸಿಕೊಂಡೆ.

ಮಧ್ಯಾಹ್ನದ ಬೆಲ್ಲಿಗೆ ಮನೆಗೆ ಓಡಿದೆ, ಅಪ್ಪನಿಗೆ ತೋರಿಸೋಣವೆಂದು. ಜಗಲಿಯಲ್ಲಿ ಚಿಕ್ಕಪ್ಪ ಇದ್ದ. ನನ್ನ ಮುಖ ನೋಡಿ ಎದ್ದು ನಿಂತ. ಏನೂ ಕೇಳಲಿಲ್ಲ. ರಟ್ಟೆ ಹಿಡಿದುಕೊಂಡು ಶಾಲೆಯ ಕಡೆ ಎಳೆದುಕೊಂಡು ಹೊರಟ. ದಾರಿಯಲ್ಲಿ ಒಬ್ಬೊಬ್ಬರೇ ಸೇರಿಕೊಂಡರು. ಶಾಲೆಯ ಗೇಟು ಮುಟ್ಟುವಾಗ ಏಳೆಂಟು ಜನ.

"ಯಾವಳವಳು, ನಮ್ ಮಗೀನ್ ಮೊಕಕ್ ಮಸಿ ಬಳ್ದೋಳು? ಈಚಿಗ್ ಬರೇಳಿ."

ಮಿಸ್ಸು ಹೊರಗೆ ಬಂದರು. ಅವರ ಕಣ್ಣಿನ ಸುತ್ತಲೂ ಕಪ್ಪು ಹಾಗೇ ಇತ್ತು. ಅದನ್ನು ಕಂಡು ಚಿಕ್ಕಪ್ಪನ ಸಿಟ್ಟು ಇನ್ನೂ ಏರಿತು, ಅಣಕಿಸುತ್ತಿದ್ದಾಳೆಂದು.

"ಪಾಠಕ್ಕೆ ಹಚ್ಚಿದ್ದು ಸರ್. ನಾನೂ ಹಚ್ಕೊಂಡಿದೀನಿ ನೋಡಿ. ಪಾಂಡಾ ಅಂತ ಒಂದು ಪ್ರಾಣಿ..."

"ನಮ್ ಮಗೀನ ಪ್ರಾಣಿ ಮಾಡಿದ್ಯಾ? ಯಾರ್ ಏಳ್ಕೊಟ್ರು ನಿಂಗೆ? ಆ ಕಡೆಯೋರಾ?"

ಮಿಸ್ಸಿಗೆ ಒಂದೂ ಅರ್ಥವಾಗಲಿಲ್ಲ. ಹೆಡ್‌ಮೇಷ್ಟ್ರು ಬಾಗಿಲಲ್ಲೇ ನಿಂತು, "ತಪ್ಪಾಯ್ತು ಅಂದ್ಬಿಡಿ ಮೇಡಂ" ಎಂದು ಮೆಲ್ಲಗೆ ಹೇಳುತ್ತಿದ್ದರು. ಚಿಕ್ಕಪ್ಪ ನನ್ನ ಕಡೆ ಬಗ್ಗಿದ. ಅವನ ಕೈ ನನ್ನ ರಟ್ಟೆಯನ್ನು ಇನ್ನೂ ಬಿಟ್ಟಿರಲಿಲ್ಲ.

"ಏಳವ್ವ, ಬ್ಯಾಡ ಅಂದ್ರೂ ಬಳುದ್ರು ತಾನೆ?"

ನಾನು ಹೂಂ ಎಂದು ತಲೆಯಾಡಿಸಿದೆ.

ಮಿಸ್ಸು ನನ್ನನ್ನೇ ನೋಡಿದರು. ಸಿಟ್ಟಿನಿಂದಲ್ಲ... ನನ್ನ ರಟ್ಟೆಯ ಮೇಲಿದ್ದ ಕೈಯನ್ನು ನೋಡಿದರು, ಆಮೇಲೆ ನನ್ನನ್ನು. ನಂತರ ಎಲ್ಲ ಮಕ್ಕಳ ಎದುರು ಕೈ ಮುಗಿದು, "ತಪ್ಪಾಯ್ತು" ಎಂದರು. ಚಿಕ್ಕಪ್ಪ ಒಳಗೆ ನುಗ್ಗಿ ಬೋರ್ಡಿನ ಚಿತ್ರ ಕಿತ್ತು ಹರಿದುಹಾಕಿ ಹೊರಟ.

ಸಂಜೆ ಮಿಸ್ಸು ನಮ್ಮ ಮನೆಗೆ ಬಂದರು. ಅಪ್ಪನಿಗೆ ಆದದ್ದನ್ನು ಹೆಡ್‌ಮೇಷ್ಟ್ರು ಹೇಳಿದ್ದರೆಂದು ಕಾಣುತ್ತದೆ. ತಿಕ್ಕಿ ತೊಳೆದಿದ್ದರೂ ಎಣ್ಣೆಮಸಿ ಪೂರ್ತಿ ಬಿಟ್ಟಿರಲಿಲ್ಲ, ಕಣ್ಣಿನ ಸುತ್ತ ಬೂದಿ ಬಣ್ಣ ಉಳಿದಿತ್ತು. ಚಿಕ್ಕಪ್ಪ ಬಾಗಿಲಿಗೆ ಅಡ್ಡ ನಿಂತ. ಒಳಗಿನಿಂದ ಅಪ್ಪನ ದನಿ ಬಂತು. "ದಾರಿ ಬುಡ್ಲಾ."

ಅವರು ಕೂರಲಿಲ್ಲ. "ನಂಗೆ ಗೊತ್ತಿರಲಿಲ್ಲ ಅಣ್ಣ" ಎಂದರು.

ಅಪ್ಪ, "ಅದೆಂತದು ಮೇಡಂ, ಆ ಪ್ರಾಣಿ?" ಎಂದು ಕೇಳಿದ. ಅವರು ನಿಂತಲ್ಲೇ ಹೇಳಿದರು. ಬೆಟ್ಟ, ಬಿದಿರು, ಪೆನ್ಸಿಲ್ಲಿನಷ್ಟು ಮರಿ. ಒಂದನ್ನೂ ಬಿಡಲಿಲ್ಲ.

"ಕಚ್ತದಾ?"

"ಅದರ ಪಾಡಿಗೆ ಬಿಟ್ರೆ ಯಾರ ತಂಟೆಗೂ ಬರಲ್ಲ ಅಣ್ಣ."

ಅಪ್ಪ ಎದ್ದು ಗೂಟದಿಂದ ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡ. "ಬಸ್ಸಿಗ್ ಒತ್ತಾಯ್ತು. ನಡೀರಿ, ಬುಟ್ ಬತ್ತೀನಿ."

ಹದಿನೈದು ದಿನಗಳ ಮೇಲೆ ಅವನು ಹೊಸಿಲು ದಾಟಿದ್ದು ಅಂದು. ನಾನು ಹಿಂದೆ ಹಿಂದೆ ಹೋದೆ. ಬಸ್‌ಸ್ಟ್ಯಾಂಡಿನ ಟೀ ಅಂಗಡಿಯ ಮುಂದೆ ಆ ಮೂವರಲ್ಲಿ ಇಬ್ಬರು ಕೂತಿದ್ದರು. ಅಪ್ಪನನ್ನು ಕಂಡು ಅವರ ಮಾತು ನಿಂತಿತು. ಅಪ್ಪನ ಹೆಜ್ಜೆಯೂ ಒಂದು ಗಳಿಗೆ ತಡವರಿಸಿತು. ಮಿಸ್ಸು ನಿಲ್ಲದೆ ಅವನ ಪಕ್ಕಕ್ಕೆ ಬಂದು, ಬೂದಿಬಣ್ಣದ ಮುಖವನ್ನು ಸೆರಗಿನಿಂದ ಮುಚ್ಚಿಕೊಳ್ಳದೆ, ಆ ಇಬ್ಬರ ಎದುರೇ ನಿಂತುಕೊಂಡರು. ಬಸ್ಸು ಬರಲು ಹತ್ತು ನಿಮಿಷವಾದರೂ ಹಿಡಿದಿರಬೇಕು. ನನ್ನ ನೆನಪಿನಲ್ಲಿ ಆ ಬಸ್ಸು ಇನ್ನೂ ಬಂದೇ ಇಲ್ಲ...

ಮರುದಿನ ಬೆಳಿಗ್ಗೆ ಅಪ್ಪ ತಾನೇ ಡೇರಿಗೆ ಹಾಲು ಒಯ್ದ. ಮಿಸ್ಸು ಇನ್ನೆರಡು ವರ್ಷ ನಮ್ಮ ಶಾಲೆಯಲ್ಲಿದ್ದರು. ಪಾಠ ಚೆನ್ನಾಗಿಯೇ ಮಾಡಿದರು, ಆದರೆ ಪುಸ್ತಕ ಬಿಟ್ಟು ಆಚೆ ಹೋಗಲಿಲ್ಲ. ಹಾಗೆ ನಕ್ಕಿದ್ದನ್ನೂ ನಾನು ಮತ್ತೆ ಕಾಣಲಿಲ್ಲ. ನಾನು ತಲೆಯಾಡಿಸಿದ್ದು ಸುಳ್ಳು ಎಂದು ಒಂದು ದಿನವೂ ಅವರಿಗೆ ಹೇಳಲಿಲ್ಲ. ಆಮೇಲೆ ವರ್ಗವಾಗಿ ಹೋದರು.

ಈ ಸಲ ಅಮ್ಮನ ಕಾಡಿಗೆಯ ವಾಸನೆ ಬಂದ ಮೇಲೆ ತಡೆಯಲಾಗಲಿಲ್ಲ. ಹಳೆಯ ಹೆಡ್‌ಮೇಷ್ಟ್ರನ್ನು ವಿಚಾರಿಸಿ ಭಾನುವಾರ ಚನ್ನರಾಯಪಟ್ಟಣಕ್ಕೆ ಹೋದೆ. ಬಾಗಿಲು ತೆರೆದದ್ದು ಅವರ ಮಗಳು. ಮಿಸ್ಸು ತೀರಿಕೊಂಡು ಎಂಟು ತಿಂಗಳಾಗಿತ್ತು.

ಅವಳಿಗೇ ಎಲ್ಲ ಹೇಳಿದೆ. ಎರಡು ಸಲ ಸಾಲು ನಿಂತಿದ್ದು, ತಲೆಯಾಡಿಸಿದ್ದು. ಅವಳು ಅಂದಳು, "ಏನಾಯ್ತು ಅಂತ ಅಮ್ಮ ನಮಗೆ ಹೇಳಿರಲೇ ಇಲ್ಲ. ಆದ್ರೆ ಆ ಸ್ಕೂಲಿಗೆ ಸೇರಿ ಎರಡು ತಿಂಗಳಾದ್ಮೇಲೆ, ಅಲ್ಲಿರೋ ತನಕ ದಿನಾ ಬೆಳಿಗ್ಗೆ ವಾಂತಿ ಮಾಡ್ಕೊಂಡೇ ಬಸ್ಸಿಗೆ ಹೊರಡ್ತಿದ್ರು. ಬಸ್ಸಿನ ಪ್ರಯಾಣ ಆಗಲ್ಲ ಅವರಿಗೆ ಅಂದ್ಕೊಂಡಿದ್ವಿ."

ಆ ಎರಡು ವರ್ಷದಲ್ಲಿ ಅವರು ಒಂದು ದಿನವೂ ತಡವಾಗಿ ಬಂದದ್ದು ನನಗೆ ನೆನಪಿಲ್ಲ.