ಥಾಯ್ ಹುಡುಗಿಯ ಶಟಲ್ಲಿಗೆ ನಾನು ಕೂಗಿದ ‘ಔಟ್’

ನಾನು ಅಜ್ಜಂಪುರದ ಒಂದು ಹೈಸ್ಕೂಲಿನಲ್ಲಿ ಆಟ ಕಲಿಸುವ ಶಿಕ್ಷಕಿ. ಮನೆ ಕಡೂರಿನಲ್ಲಿ. ಅಪ್ಪ ಬೀರೂರಿನಲ್ಲಿ ರೈಲ್ವೆ ಗ್ಯಾಂಗ್‌ಮನ್ ಆಗಿದ್ದರು. ಅಲ್ಲಿನ ಕ್ವಾರ್ಟರ್ಸಿನ ಹಿಂದೆ, ಮಣ್ಣಿನ ಅಂಕಣದಲ್ಲಿ, ಗಾಳಿ ಬಂದಾಗ ನಿಲ್ಲಿಸಿ ಗಾಳಿ ನಿಂತಾಗ ಮುಂದುವರಿಸುತ್ತಾ ಶಟಲ್ ಆಡಿ ಬೆಳೆದವಳು ನಾನು. ಜಿಲ್ಲಾ ಮಟ್ಟ ದಾಟಲಿಲ್ಲ. ಆದರೂ ಆಟದ ಹತ್ತಿರವೇ ಇರಬೇಕೆಂಬ ಆಸೆ ಬಿಡಲಿಲ್ಲ. ಲೈನ್ ಜಡ್ಜ್ ಪರೀಕ್ಷೆ ಬರೆದು ಪಾಸಾದೆ. ಅಂಕಣದ ಅಂಚಿನಲ್ಲಿ ಕುರ್ಚಿ ಹಾಕಿಕೊಂಡು, ಒಂದೇ ಒಂದು ಗೆರೆ ನೋಡುತ್ತಾ ಕೂತು, ಶಟಲ್ ಅದರ ಹೊರಗೆ ಬಿದ್ದರೆ ಎರಡೂ ಕೈ ಚಾಚಿ ‘ಔಟ್’ ಎಂದು ಕೂಗುವುದು ನಮ್ಮ ಕೆಲಸ.

ಬೆಂಗಳೂರಿನಲ್ಲಿ ನನಗೆ ಮೊದಲ ಅಂತರರಾಷ್ಟ್ರೀಯ ಪಂದ್ಯಾವಳಿಯ ಕೆಲಸ ಸಿಕ್ಕಿದಾಗ ಅವ್ವ ಒಂದು ಡಬ್ಬಿ ಕೋಡುಬಳೆ ಕಟ್ಟಿಕೊಟ್ಟಳು. “ಗೆರೆ ನೋಡ್ಕಂಡ್ ಕೂರಕ್ಕೆ ಬೆಂಗ್ಳೂರ್ ತಂಕ ಹೋಗ್ಬೇಕೇನೇ? ಇಲ್ಲೇ ರೈಲ್ ಹಳಿ ನೋಡ್ಕಂಡ್ ಕೂತ್ಕೊ” ಎಂದು ನಕ್ಕಳು.

ಎರಡನೇ ದಿನ ನನ್ನ ಗೆರೆಗೆ ಬಂದ ಪಂದ್ಯದಲ್ಲಿ ಥಾಯ್ಲೆಂಡಿನ ಹುಡುಗಿಯೊಬ್ಬಳಿದ್ದಳು. ಹದಿನೇಳು ವರ್ಷವಿರಬಹುದು. ಕುಳ್ಳಿ. ಒಂದೊಂದು ಪಾಯಿಂಟ್ ಸೋತಾಗಲೂ ತನ್ನ ತೊಡೆಗೆ ತಾನೇ ಒಂದೇಟು ಕೊಟ್ಟುಕೊಂಡು ನಗುತ್ತಿದ್ದಳು. ಮೂರನೇ ಗೇಮು. ಎದುರಾಳಿಗೆ ಗೆಲ್ಲಲು ಒಂದೇ ಪಾಯಿಂಟ್ ಬೇಕು. ಈ ಹುಡುಗಿ ನೆಗೆದು ಹೊಡೆದ ಶಟಲ್ ಸೀದಾ ನನ್ನ ಗೆರೆಯ ಹತ್ತಿರ ಬಂದು ಬಿತ್ತು. ನನ್ನ ಕೈಗಳು ಚಾಚಿಕೊಂಡವು. “ಔಟ್!”

ಅವಳು ಒಂದು ಗಳಿಗೆ ನನ್ನನ್ನು ನೋಡಿದಳು. ವಾದ ಮಾಡಲಿಲ್ಲ. ಎದುರಾಳಿಯ ಕೈ ಕುಲುಕಿ, ಅಂಪೈರಿಗೆ ಕೈ ಮುಗಿದು, ಆಮೇಲೆ ನನಗೂ ಕೈ ಮುಗಿದು ಹೋದಳು.

ಸಂಜೆ ಜೊತೆಯ ಲೈನ್ ಜಡ್ಜ್ ಒಬ್ಬರು ಪ್ರೇಕ್ಷಕರು ತೆಗೆದ ವಿಡಿಯೊವನ್ನು ತಮ್ಮ ಮೊಬೈಲಿನಲ್ಲಿ ತೋರಿಸಿದರು. ಶಟಲ್ಲಿನ ತಲೆ ಗೆರೆಯ ಮೇಲೇ ಬಿದ್ದಿತ್ತು. ಅನುಮಾನವೇ ಇಲ್ಲ. ನನ್ನ ತಪ್ಪು. “ಎಲ್ಲರಿಗೂ ಆಗುತ್ತೆ ಬಿಡಿ ಮೇಡಂ” ಎಂದರು ಅವರು. ನನಗೆ ಬಿಡಲಾಗಲಿಲ್ಲ. ಆ ಹುಡುಗಿ ಅಷ್ಟು ದೂರದಿಂದ ವಿಮಾನ ಹತ್ತಿ ಬಂದಿದ್ದಳು.

ಮರುದಿನ ನಾವೆಲ್ಲ ಇಳಿದುಕೊಂಡಿದ್ದ ಹೋಟೆಲಿನ ತಿಂಡಿ ಕೋಣೆಯಲ್ಲಿ ಅವಳು ಒಬ್ಬಳೇ ಕೂತಿದ್ದಳು. ಪಂದ್ಯಾವಳಿಯಿಂದ ಹೊರಬಿದ್ದವಳಾದ್ದರಿಂದ ಮಾತಾಡಿಸಲು ಅಡ್ಡಿಯಿರಲಿಲ್ಲ. ನನ್ನ ಇಂಗ್ಲಿಷೂ ಅಷ್ಟಕ್ಕಷ್ಟೇ, ಅವಳದೂ ಅಷ್ಟಕ್ಕಷ್ಟೇ. “ನಿನ್ನೆಯದು ಔಟ್ ಅಲ್ಲ. ನನ್ನ ಕಣ್ಣು ತಪ್ಪಿತು. ಕ್ಷಮಿಸು” ಎಂದೆ. ಅವಳು ಚಮಚ ಕೆಳಗಿಟ್ಟಳು.

“ಮೊದಲ ಗೇಮಿನಲ್ಲಿ ನಾನು ಸರ್ವೀಸನ್ನೇ ನೆಟ್ಟಿಗೆ ಹೊಡೆದೆ. ನಾಲ್ಕು ಸಲ. ನೀವು ಕ್ಷಮೆ ಕೇಳುವುದು ಒಂದಕ್ಕೆ. ಉಳಿದ ನಾಲ್ಕಕ್ಕೆ ನಾನು ಯಾರನ್ನು ಕೇಳಲಿ?” ಎಂದು ಜೋರಾಗಿ ನಕ್ಕಳು.

ನಾನು ಚೀಲದಿಂದ ಅವ್ವ ಕೊಟ್ಟ ಡಬ್ಬಿ ತೆಗೆದು ಮುಂದಿಟ್ಟೆ. ಒಂದು ಕೋಡುಬಳೆಯನ್ನು ಬೆರಳಿಗೆ ಉಂಗುರದ ಹಾಗೆ ಹಾಕಿಕೊಂಡು ನೋಡಿ, ಆಮೇಲೆ ಕಡಿದಳು. ಖಾರ ಹತ್ತಿತೇನೋ ಎಂದು ನೀರು ತಳ್ಳಿದೆ. “ಇನ್ನೂ ಖಾರ ಇರಬೇಕಿತ್ತು” ಎಂದಳು. ಡಬ್ಬಿ ಅರ್ಧವಾಯಿತು.

ಅವಳು ತನ್ನ ಕತೆ ಹೇಳಿದ್ದು ಆಗಲೇ. ಅವಳ ತಾಯಿ ಸಣ್ಣ ಊರೊಂದರ ಮಾರುಕಟ್ಟೆಯಲ್ಲಿ ಸುಟ್ಟ ಬಾಳೆಹಣ್ಣು ಮಾರುತ್ತಿದ್ದರಂತೆ. ಅಕ್ಕಿ ಗಿರಣಿಯ ಕೆಲಸಗಾರರು ಸಂಜೆ ಅಂಗಳದಲ್ಲಿ ಆಡುವಾಗ ಇವಳೂ ಸೇರಿಕೊಂಡು ಕಲಿತದ್ದಂತೆ. ಒಂಬತ್ತನೇ ವಯಸ್ಸಿಗೆ ಮನೆ ಬಿಟ್ಟು ಬ್ಯಾಂಕಾಕಿನ ಒಂದು ಕ್ಲಬ್ಬಿನ ಹಾಸ್ಟೆಲಿಗೆ. ಬೆಳಗ್ಗೆ ಐದಕ್ಕೆ ಎದ್ದು ಓಟ, ಆಮೇಲೆ ಶಾಲೆ, ಆಮೇಲೆ ಮತ್ತೆ ಆಟ. ಮೊದಲ ವರ್ಷವೆಲ್ಲ ದಿಂಬಿಗೆ ಮುಖ ಒತ್ತಿ ಅತ್ತಳಂತೆ. “ಎರಡನೇ ವರ್ಷ ಗೆಲ್ಲೋಕೆ ಶುರು ಮಾಡಿದೆ. ಅಳೋಕೆ ಹೊತ್ತು ಸಿಗಲಿಲ್ಲ” ಎಂದಳು.

ಅಲ್ಲಿಂದ ಮುಂದೆ ಅವಳು ಬೆಳೆದದ್ದನ್ನು ನಾನು ಮೊಬೈಲಿನಲ್ಲಿ ನೋಡಿದೆ. ಅಜ್ಜಂಪುರದ ಬಸ್ಸಿನಲ್ಲಿ ಕೂತು ಅವಳ ಪಂದ್ಯ ನೋಡುತ್ತಾ ಒಮ್ಮೆ ಸೀಟಿನಿಂದಲೇ “ಹೊಡೀ!” ಎಂದು ಕೂಗಿಬಿಟ್ಟಿದ್ದೆ. “ಯಾರಿಗ್ ಮೇಡಂ ಹೊಡೀಬೇಕು?” ಎಂದು ಕಂಡಕ್ಟರ್ ಎದ್ದು ಬಂದರು. ಅವಳು ದೊಡ್ಡ ಆಟಗಾರ್ತಿಯರನ್ನೂ ಸೋಲಿಸಿದಳು, ಒಂದೆರಡು ಪ್ರಶಸ್ತಿ ಗೆದ್ದಳು. ಆಡಲು ಭಾರತಕ್ಕೆ ಬಂದಾಗಲೆಲ್ಲ ನನಗೆ ಸಂದೇಶ ಬರುತ್ತಿತ್ತು: ಖಾರದ ಬಳೆ ಇದೆಯೇ? ಅವಳ ಪಂದ್ಯಕ್ಕೆ ಮಾತ್ರ ನನ್ನನ್ನು ಹಾಕಬೇಡಿ ಎಂದು ಹಿರಿಯ ಅಧಿಕಾರಿಗಳನ್ನು ನಾನೇ ಕೇಳಿಕೊಳ್ಳುತ್ತಿದ್ದೆ. ಡಬ್ಬಿ ಕೈ ಬದಲಾಗುತ್ತಿದ್ದದ್ದು ಅವಳ ಪಂದ್ಯಗಳೆಲ್ಲ ಮುಗಿದ ಮೇಲೆಯೇ.

ಆಮೇಲೆ ಮೊಣಕಾಲು ಕೈಕೊಟ್ಟಿತು. ಒಂದು ಆಪರೇಷನ್, ಮತ್ತೊಂದು ಆಪರೇಷನ್. ತಿರುಗಿ ಆಡಿದಳು, ಮೊದಲ ಸುತ್ತಿನಲ್ಲೇ ಸೋತಳು, ಮತ್ತೆ ಆಡಿದಳು, ಮತ್ತೆ ಸೋತಳು. ಆ ದಿನಗಳಲ್ಲಿ ಅವಳಿಂದ ಸಂದೇಶ ಬರಲಿಲ್ಲ. ನಾನೂ ಏನು ಬರೆಯುವುದೆಂದು ತಿಳಿಯದೆ ಸುಮ್ಮನಿದ್ದೆ. ಈಗಲೂ ಅದಕ್ಕೆ ನನಗೆ ಬೇಸರವಿದೆ.

ಹೋದ ವರ್ಷ ಇದ್ದಕ್ಕಿದ್ದಂತೆ ಫೋನು. ಆಟ ಬಿಟ್ಟಿದ್ದಾಳೆ, ಬೆಂಗಳೂರಿನಲ್ಲಿ ಮಕ್ಕಳಿಗೆ ಕಲಿಸಲು ಬಂದಿದ್ದಾಳೆ. “ನಿಮ್ಮೂರಿಗೆ ಬರಲಾ?”

ಕಡೂರು ಸ್ಟೇಷನ್ನಿನಲ್ಲಿ ರೈಲಿಳಿದವಳನ್ನು ಮೊದಲು ಮನೆಗೆ ಕರೆದುಕೊಂಡು ಹೋದೆ. ಬಾಗಿಲಲ್ಲಿ ಅವ್ವ ಅವಳನ್ನು ಕೆಳಗಿನಿಂದ ಮೇಲಕ್ಕೆ ನೋಡಿ, “ಅಯ್ಯೋ ಮಗಾ, ಕಡ್ಡಿ ಆಗಿದೀಯಲ್ಲೇ, ಆ ಬೆಂಗ್ಳೂರೋರು ಊಟ ಹಾಕಲ್ವಾ ನಿಂಗೆ?” ಎಂದಳು. ಅವಳಿಗೆ ಅರ್ಥವಾಗಲಿಲ್ಲ, ಆದರೂ ತಲೆಯಾಡಿಸಿದಳು. ನಮ್ಮದು ಬೌದ್ಧರ ಮನೆ; ನಡುಮನೆಯ ಗೋಡೆಯಲ್ಲಿ ನಮ್ಮಪ್ಪ ಹಾಕಿಸಿದ ಬುದ್ಧನ ಫೋಟೊ ಇದೆ. ಅದನ್ನು ಕಂಡವಳೇ ಚೀಲ ಕೆಳಗಿಟ್ಟು, ನೋಯುವ ಮೊಣಕಾಲೂರಿ ಮೂರು ಸಲ ನಮಸ್ಕರಿಸಿ, ಮೆಲ್ಲಗೆ “ಬುದ್ಧಂ ಸರಣಂ ಗಚ್ಛಾಮಿ” ಎಂದು ಶುರು ಮಾಡಿದಳು. ಅವ್ವ ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಬಂದು ದನಿ ಸೇರಿಸಿದಳು. ಇಬ್ಬರ ರಾಗವೂ ಬೇರೆ, ಮಾತು ಮಾತ್ರ ಅದೇ. ಮುಗಿಯುವಷ್ಟರಲ್ಲಿ ಅವ್ವನ ಕಣ್ಣು ತುಂಬಿತ್ತು. “ಏನ್ ಇಂಗ್ಲಿಷ್ ಮಾತಾಡ್ತಿದೀಯೇ ಅವ್ಳತ್ರ? ನಮ್ಮೋಳೇ ಕಣೇ ಇವ್ಳು!” ಎಂದು ನನ್ನನ್ನೇ ಗದರಿಸಿದಳು. ಮುದ್ದೆ ನುಂಗುವುದನ್ನೂ ಆ ಮಧ್ಯಾಹ್ನ ಅವ್ವನೇ ಕಲಿಸಿದಳು.

ಮರುದಿನ ಅಜ್ಜಂಪುರಕ್ಕೆ ಹೋದೆವು. ನಮ್ಮ ಹುಡುಗಿಯರು ಆಡುವುದು ಊರಿನ ಸಮುದಾಯ ಭವನದಲ್ಲಿ. ಮದುವೆ ಇಲ್ಲದ ದಿನ ಮಾತ್ರ. ಅತಿಥಿಗೆಂದು ಹುಡುಗಿಯರು ಎಲ್ಲ ಫ್ಯಾನುಗಳನ್ನೂ ಜೋರಾಗಿ ಹಾಕಿಟ್ಟಿದ್ದರು. ಅವಳು ಒಳಗೆ ಬಂದವಳೇ ಒಂದೊಂದಾಗಿ ಎಲ್ಲವನ್ನೂ ಆರಿಸಿ, ಕಿಟಕಿಗಳನ್ನೂ ಮುಚ್ಚಿಸಿದಳು. ಗಾಳಿಗೆ ಶಟಲ್ ದಾರಿ ತಪ್ಪುತ್ತದಲ್ಲ. ಎರಡು ಗಂಟೆ ಎಲ್ಲರೂ ಬೆವರಿನಲ್ಲಿ ಮಿಂದೆವು. ಶಟಲ್ ಕೊಡದೆ ಬರೀ ಹೆಜ್ಜೆ ಹಾಕಿಸಿದಳು.

ಕೊನೆಗೆ ನೆಲದ ಮೇಲೆ ಕೂತಾಗ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ನನ್ನ ಕಿವಿಯಲ್ಲಿ, “ಮಿಸ್, ಅವ್ರು ಆಟ ಯಾಕ್ ಬಿಟ್ರು ಕೇಳಿ” ಎಂದಳು. ಕೇಳಲು ನನಗೆ ಹಿಂಜರಿಕೆ. ಆದರೂ ಕೇಳಿದೆ.

“ಮೊಣಕಾಲು ಸಾಕು ಅಂತು. ಎರಡು ವರ್ಷ ಅದರ ಜೊತೆ ಜಗಳ ಆಡಿದೆ. ಅದೇ ಗೆದ್ದಿತು” ಎಂದಳು.

“ಬೇಜಾರಾಗಲ್ವಂತಾ ಮಿಸ್?”

“ಮೊದಮೊದಲು ತುಂಬಾ ಆಯಿತು. ಈಗಲೂ ಬೆಳಗ್ಗೆ ಐದಕ್ಕೇ ಎಚ್ಚರ ಆಗುತ್ತೆ. ಓಡಬೇಕಾಗಿಲ್ಲ ಅಂತ ನೆನಪಾಗುತ್ತೆ. ಮತ್ತೆ ಮಲಗುತ್ತೇನೆ. ಎಷ್ಟು ಚೆನ್ನಾಗಿರುತ್ತೆ ಗೊತ್ತಾ?” ನಾನು ಕನ್ನಡದಲ್ಲಿ ಹೇಳಿ ಮುಗಿಸುವ ಮೊದಲೇ ಅವಳು ಗೊರಕೆ ಹೊಡೆಯುವ ಹಾಗೆ ನಟಿಸಿದಳು. ಭವನವೆಲ್ಲ ನಗು.

ಈ ವರ್ಷ ನಮ್ಮ ಹುಡುಗಿಯರು ತರೀಕೆರೆಯವರನ್ನು ಸೋಲಿಸಿ ಜಿಲ್ಲಾ ಮಟ್ಟಕ್ಕೆ ಹೋದರು. ಅಲ್ಲಿ ಎರಡನೇ ಸುತ್ತಿನಲ್ಲಿ ಸೋತರು. ಬರುವಾಗ ಬಸ್ಸಿನಲ್ಲಿ ಮುಖ ಊದಿಸಿಕೊಂಡು ಕೂತಿದ್ದವರು, ಅವಳಿಗೆ ಫೋನು ಮಾಡಿಕೊಟ್ಟ ಕೂಡಲೇ ನಾ ಮುಂದು ತಾ ಮುಂದು ಎಂದು ಕಿತ್ತಾಡಿಕೊಂಡು ಮಾತಾಡಿದರು. ಈಗ ಶನಿವಾರ ಶಾಲೆ ಬಿಟ್ಟ ಮೇಲೆ ಮೊಬೈಲ್ ಸಿಗ್ನಲ್ ಸಿಗುವ ಶಾಲೆಯ ತಾರಸಿಗೆ ಎಲ್ಲರೂ ಹತ್ತುತ್ತೇವೆ. ಅವಳು ವಿಡಿಯೊದಲ್ಲಿ ನೋಡುತ್ತಾ, ತಾನು ಕಲಿತ ನಾಲ್ಕೈದು ಕನ್ನಡ ಪದಗಳಲ್ಲೇ ಬೈಯುತ್ತಾಳೆ: “ಬಗ್ಗು! ಇನ್ನೂ ಬಗ್ಗು! ಏನಮ್ಮಾ, ಊಟ ಆಗಿಲ್ವಾ?” ಹುಡುಗಿಯರು ನಗುತ್ತಲೇ ಬಗ್ಗುತ್ತಾರೆ.